ಚುಕ್ಕೆ ಬೀಳದ ಊರಿನ ಹಕ್ಕಿಗಳು

ಮುಂಗಾರು ತಡವಾದ ವರ್ಷ ಪತ್ರಿಕೆಗಳ ತಲೆಬರಹಕ್ಕೆ ಚಾತಕ ಪಕ್ಷಿ ತಪ್ಪದೆ ಬರುತ್ತದೆ. ರೈತ ಚಾತಕದಂತೆ ಮುಗಿಲು ನೋಡುತ್ತಿದ್ದಾನೆ ಎಂದು ಬರೆಯುವವರಲ್ಲೂ ಓದುವವರಲ್ಲೂ ಆ ಹಕ್ಕಿಯನ್ನು ಕಣ್ಣಾರೆ ಕಂಡವರು ಕಡಿಮೆ. ಅದೇನೂ ಕಲ್ಪನೆಯ ಹಕ್ಕಿಯಲ್ಲ. ಗೊರವಂಕಕ್ಕಿಂತ ತುಸು ದೊಡ್ಡದು, ಉದ್ದ ಬಾಲ, ಬೆನ್ನು ಕಪ್ಪು, ಹೊಟ್ಟೆ ಬಿಳಿ, ತಲೆಯ ಮೇಲೆ ಚೂಪು ಜುಟ್ಟು. ಹಾರಿದಾಗ ರೆಕ್ಕೆಯಲ್ಲೊಂದು ಬಿಳಿ ಪಟ್ಟೆ ಎದ್ದು ಕಾಣುತ್ತದೆ. ಕೋಗಿಲೆಯ ಬಳಗದ ಹಲವು ಹಕ್ಕಿಗಳಂತೆ ತಾನು ಗೂಡು ಕಟ್ಟುವುದಿಲ್ಲ. ಹರಟೆಮಲ್ಲಗಳ ಗೂಡಿನಲ್ಲಿ ಮೊಟ್ಟೆಯಿಟ್ಟು, ಮರಿ ಸಾಕುವ ಕೆಲಸವನ್ನು ಅವಕ್ಕೇ ಬಿಡುತ್ತದೆ. ಕುರುಚಲು ಕಾಡು, ಹೊಲದ ಬದು, ಜಾಲಿ ಮರ ಇದರ ನೆಲೆ. ಕಂಬಳಿಹುಳ ಇದರ ಮೆಚ್ಚಿನ ಊಟ.

ಈ ಹಕ್ಕಿ ಮಳೆಯನ್ನು ಕರೆತರುತ್ತದೆಯೇ? ಎಲ್ಲಿಂದ ಬರುತ್ತದೆ? ಎಲ್ಲ ಕಡೆಯೂ ಬರುತ್ತದೆಯೇ, ಅಥವಾ ಕೆಲವು ಕಡೆ ವರ್ಷವಿಡೀ ಇರುತ್ತದೆಯೇ? ಇಪ್ಪತ್ತು ವರ್ಷಗಳ ಹಿಂದೆ ಇವಕ್ಕೆ ಉತ್ತರ ಬೇಕೆಂದರೆ ದೊಡ್ಡ ಗ್ರಂಥಾಲಯಕ್ಕೆ ಹೋಗಬೇಕಿತ್ತು, ಅಥವಾ ಪಕ್ಷಿತಜ್ಞರೊಬ್ಬರ ಪರಿಚಯ ಬೇಕಿತ್ತು. ಇಂದು ಕೊಪ್ಪಳದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಮೊಬೈಲಿನಲ್ಲಿ ಇ-ಬರ್ಡ್ ಎಂಬ ಹಕ್ಕಿ ದಾಖಲೆಗಳ ತಾಣ ತೆರೆದು ಚಾತಕದ ಹೆಸರು ಹಾಕಿ ನಕ್ಷೆಯನ್ನು ತಿಂಗಳ ಪ್ರಕಾರ ನೋಡಿದರೆ ಸಾಕು. ಜನವರಿ, ಫೆಬ್ರುವರಿಯಲ್ಲಿ ಉತ್ತರ ಭಾರತ ಹೆಚ್ಚುಕಡಿಮೆ ಖಾಲಿ. ಆದರೆ ತಮಿಳುನಾಡು, ಶ್ರೀಲಂಕಾ, ದಕ್ಷಿಣ ಕರ್ನಾಟಕದ ಒಣನಾಡಿನಲ್ಲಿ ಆಗಲೂ ಅಲ್ಲಲ್ಲಿ ದಾಖಲೆಗಳಿವೆ. ಮೇ ಕೊನೆ, ಜೂನ್ ಬಂತೆಂದರೆ ಮಧ್ಯ ಭಾರತದಿಂದ ಮೇಲಕ್ಕೆ ಬಣ್ಣ ತುಂಬತೊಡಗುತ್ತದೆ. ಅಕ್ಟೋಬರ್ ಕಳೆದ ಮೇಲೆ ಮತ್ತೆ ಬರಿದಾಗುತ್ತದೆ. ಅಂದರೆ ನಮ್ಮ ದೇಶದಲ್ಲಿ ಎರಡು ಬಗೆಯ ಚಾತಕಗಳಿವೆ: ಮುಂಗಾರಿನ ಗಾಳಿಯೊಡನೆ ಆಫ್ರಿಕಾದಿಂದ ಕಡಲು ದಾಟಿ ಬರುವ ಉಪಪ್ರಭೇದ ಒಂದು, ದಕ್ಷಿಣದಲ್ಲೇ ನೆಲೆಸಿರುವ ಉಪಪ್ರಭೇದ ಇನ್ನೊಂದು. ಉತ್ತರದವರ ಪಾಲಿಗೆ ಮಳೆಯ ದೂತನಾದ ಹಕ್ಕಿ ನಮ್ಮಲ್ಲಿ ಹಲವು ಕಡೆ ಊರಿನ ಖಾಯಂ ನಿವಾಸಿ. 2020ರಲ್ಲಿ ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆಯ ವಿಜ್ಞಾನಿಗಳು ಎರಡು ಚಾತಕಗಳ ಬೆನ್ನಿಗೆ ಉಪಗ್ರಹ ಟ್ಯಾಗ್ ಕಟ್ಟಿ ವಲಸೆಯ ದಾರಿ ತಿಳಿಯಲು ಹೊರಟರು. ಅಂಥ ಟ್ಯಾಗು ದುಬಾರಿ, ನಾಲ್ಕಾರು ಹಕ್ಕಿಗೆ ಮಾತ್ರ ಸಾಧ್ಯ. ಇಡೀ ಉಪಖಂಡದ ಚಿತ್ರ ಸಿಗಬೇಕಾದರೆ ಸಾವಿರಾರು ಜನ ತಮ್ಮ ಊರಲ್ಲಿ ಕಂಡದ್ದನ್ನು ಬರೆದಿಡಲೇಬೇಕು.

ಬರೆದಿಡುವ ಕೆಲಸ ಹೊಸದಲ್ಲ. 1939-40ರಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಅದರ ವರದಿ ಇಂದಿಗೂ ಈ ಭಾಗದ ಅಧ್ಯಯನಕ್ಕೆ ಆಧಾರ. ಹಾಸನ ಜಿಲ್ಲೆಯ ಸಸ್ಯಗಳನ್ನು ಸಿಸಿಲ್ ಸಲ್ಡಾನ ಮತ್ತು ಅವರ ಜೊತೆಗಾರರು ಊರೂರು ಅಲೆದು ಸಂಗ್ರಹಿಸಿ 1976ರಲ್ಲಿ ದೊಡ್ಡ ಗ್ರಂಥವಾಗಿ ತಂದರು. ಹೊಸದೆಂದರೆ ಇಂಥ ದಾಖಲೆಗಳೆಲ್ಲ ಒಂದೆಡೆ ಸೇರುತ್ತಿರುವುದು, ಯಾರು ಬೇಕಾದರೂ ಪುಕ್ಕಟೆಯಾಗಿ ತೆರೆದು ನೋಡಬಹುದಾಗಿರುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಸ್ಯಸಂಗ್ರಹಾಲಯದ ಒಣ ಮಾದರಿಗಳ ಚಿತ್ರಗಳು ಈಗ ಆನ್‌ಲೈನಿನಲ್ಲಿವೆ. ಚಿಟ್ಟೆಗಳಿಗೆಂದೇ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು ನಡೆಸುವ ತಾಣವಿದೆ. ಗಿಡ, ಕಪ್ಪೆ, ಜೇಡ, ಹಾವು ಎಲ್ಲಕ್ಕೂ ಜಾಗ ಕೊಡುವ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಇದೆ. ಅಮೆರಿಕದಲ್ಲಿ 2008ರಲ್ಲಿ ವಿದ್ಯಾರ್ಥಿಗಳ ಕಿರುಯೋಜನೆಯಾಗಿ ಹುಟ್ಟಿದ ಐ-ನ್ಯಾಚುರಲಿಸ್ಟ್ ಇದೆ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ಆಡುಬಾನ್ ಸೊಸೈಟಿಯ ಜೊತೆಗೂಡಿ 2002ರಲ್ಲಿ ಶುರುಮಾಡಿದ ಇ-ಬರ್ಡ್ ಇದೆ. ಇವುಗಳಲ್ಲಿ ಬಹುಪಾಲು ಹೊಳೆಗಳು ಹರಿದು ಸೇರುವ ಕಡಲೆಂದರೆ ಜಿಬಿಐಎಫ್. ಹಲವು ಸರ್ಕಾರಗಳು ಕೂಡಿ 2001ರಲ್ಲಿ ಸ್ಥಾಪಿಸಿದ ಇದರ ಕಚೇರಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿದೆ. ಇದರಲ್ಲಿರುವ ದಾಖಲೆಗಳ ಸಂಖ್ಯೆ 200 ಕೋಟಿ ದಾಟಿ ಬೆಳೆಯುತ್ತಿದೆ.

ಇಷ್ಟು ಬೇರೆ ಬೇರೆ ಮೂಲಗಳು ಒಂದಾಗುವುದು ಹೇಗೆ? ಪಹಣಿಯನ್ನು ನೆನೆಸಿಕೊಳ್ಳಿ. ಬೀದರಿನ ಹೊಲವಾಗಲಿ, ಚಾಮರಾಜನಗರದ ತೋಟವಾಗಲಿ, ಸರ್ವೆ ನಂಬರು, ವಿಸ್ತೀರ್ಣ, ಬೆಳೆ ಎಂಬ ಕಾಲಂಗಳು ಒಂದೇ ಕ್ರಮದಲ್ಲಿರುವುದರಿಂದ ಎಲ್ಲಿಯವರು ಬೇಕಾದರೂ ಓದಬಹುದು. ಜೀವಿಗಳ ದಾಖಲೆಗೂ ಜಗತ್ತಿನಾದ್ಯಂತ ಒಪ್ಪಿದ ಅಂಥ ಕಾಲಂಗಳಿವೆ. ಅವನ್ನು ಡಾರ್ವಿನ್ ಕೋರ್ ಎನ್ನುತ್ತಾರೆ. ಯಾವ ಜೀವಿ, ಎಲ್ಲಿ, ಯಾವ ದಿನ, ಕಂಡವರು ಯಾರು, ಆಧಾರವೇನು. ಆಧಾರವೆಂದರೆ ಫೋಟೊ ಇರಬಹುದು, ಧ್ವನಿಮುದ್ರಣವಿರಬಹುದು, ವಸ್ತುಸಂಗ್ರಹಾಲಯದ ಬಾಟಲಿಯಲ್ಲಿಟ್ಟ ಮಾದರಿ ಇರಬಹುದು, ಬರೀ ಕಣ್ಣಿನ ಸಾಕ್ಷಿಯೂ ಇರಬಹುದು. ಇಷ್ಟು ತುಂಬಿದರೆ ಲಂಡನ್ನಿನ ಮ್ಯೂಸಿಯಮ್ಮಿನ ಹಳೆಯ ಚೀಟಿಯೂ ನಿನ್ನೆ ಸಂಜೆ ತೀರ್ಥಹಳ್ಳಿಯ ಹುಡುಗ ತೆಗೆದ ಫೋಟೊವೂ ಒಂದೇ ಪಟ್ಟಿಯ ಅಕ್ಕಪಕ್ಕದ ಸಾಲುಗಳಾಗುತ್ತವೆ.

ಎಲ್ಲಿ, ಯಾವಾಗ, ಆಧಾರವೇನು ಎಂಬ ಈ ಮೂರು ಮಾತು ಕಳೆದುಹೋದರೆ ಎಂಥ ನಷ್ಟವಾಗುತ್ತದೆಂಬುದಕ್ಕೆ ನಮ್ಮದೇ ರಾಜ್ಯದ ಕಪ್ಪೆಗಳು ಸಾಕ್ಷಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ. ಆರ್. ನಾರಾಯಣರಾವ್ ಅವರು ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು. 1920 ಮತ್ತು 1937ರ ತಮ್ಮ ಪ್ರಬಂಧಗಳಲ್ಲಿ ಅವರು ಪಶ್ಚಿಮ ಘಟ್ಟದ ಹಲವು ಕಪ್ಪೆಗಳನ್ನು ಮೊದಲ ಬಾರಿಗೆ ವಿವರಿಸಿದರು. ಹೊಸ ಪ್ರಭೇದಕ್ಕೆ ಹೆಸರಿಟ್ಟಾಗ ಯಾವ ಮಾದರಿಯನ್ನು ನೋಡಿ ಹೆಸರಿಟ್ಟರೋ ಅದನ್ನು ಕಾಪಾಡಿಡಬೇಕು. ಮುಂದೆ ಸಂಶಯ ಬಂದಾಗ ಹೋಲಿಸಿ ನೋಡಲು ಅದೊಂದೇ ಆಧಾರ. ರಾವ್ ಅವರು ಕಾಲೇಜಿನಲ್ಲಿಟ್ಟಿದ್ದ ಆ ಮಾದರಿಗಳು ಕಾಲಕ್ರಮದಲ್ಲಿ ಕಳೆದುಹೋದವು. ಹಾಗಾಗಿ ಅವರು ಹೆಸರಿಟ್ಟ ಕಪ್ಪೆ ಇಂದು ಕಾಡಿನಲ್ಲಿ ಕೂಗುವ ಯಾವ ಕಪ್ಪೆ ಎಂದು ತಿಳಿಯಲು ಮುಂದಿನ ತಲೆಮಾರಿನವರು ಹಳೆಯ ಪ್ರಬಂಧದ ವಿವರಣೆಯನ್ನೇ ಹಿಡಿದುಕೊಂಡು ಘಟ್ಟಗಳಲ್ಲಿ ಅಲೆಯಬೇಕಾಯಿತು. ಕೊಡಗಿನಿಂದ 1920ರಲ್ಲಿ ವಿವರಿಸಲಾದ ಇರುಳುಕಪ್ಪೆಯೊಂದು ಮತ್ತೆ ಪತ್ತೆಯಾದ ಸುದ್ದಿ ಬಂದದ್ದು 2011ರಲ್ಲಿ, ತೊಂಬತ್ತೊಂದು ವರ್ಷ ಕಳೆದ ಮೇಲೆ. ಅಷ್ಟೂ ಕಾಲ ಅದು ಕಾಡಿನಲ್ಲಿ ಇದ್ದೇ ಇತ್ತು. ಕೊಂಡಿ ಕಳಚಿದ್ದು ನಮ್ಮ ದಾಖಲೆಯಲ್ಲಿ. ಘಟ್ಟದ ಪೊದೆಗಪ್ಪೆಗಳ ಕುಲವೊಂದಕ್ಕೆ 2010ರಲ್ಲಿ ವಿಜ್ಞಾನಿಗಳು ರಾವ್ ಅವರ ನೆನಪಿಗೆ ರಾಅರ್ಕೆಸ್ಟಿಸ್ ಎಂದು ಹೆಸರಿಟ್ಟರು. ಇಂದು ಅಂಥ ಕಪ್ಪೆಯೊಂದರ ಕೂಗನ್ನು ಮೊಬೈಲಿನಲ್ಲಿ ಹಿಡಿದು, ಜಾಗ ಮತ್ತು ತಾರೀಖಿನೊಂದಿಗೆ ಏರಿಸಿಟ್ಟರೆ ಆ ಗುರುತು ಒಬ್ಬರ ಕಪಾಟಿನ ಭದ್ರತೆಯನ್ನು ನೆಚ್ಚಿಕೊಂಡಿರುವುದಿಲ್ಲ.

ಆದರೆ ಇಂಥ ಡೇಟಾಬೇಸಿನಲ್ಲಿ ಏನಿದೆಯೋ ಅದೆಲ್ಲ ನಿಜವೆಂದು ನಂಬಿ ಡೌನ್‌ಲೋಡ್ ಮಾಡಿ ನಕ್ಷೆ ಎಳೆಯುವವರನ್ನು ಕಂಡರೆ ನನಗೆ ಆತಂಕವಾಗುತ್ತದೆ. ಬೆಂಗಳೂರು ಉತ್ತರ ಅಕ್ಷಾಂಶ ಸುಮಾರು 13 ಡಿಗ್ರಿ, ಪೂರ್ವ ರೇಖಾಂಶ 77.6 ಡಿಗ್ರಿಯಲ್ಲಿದೆ. ತುಂಬುವಾಗ ಎರಡನ್ನೂ ಅದಲುಬದಲು ಮಾಡಿದರೆ ಕಬ್ಬನ್ ಪಾರ್ಕಿನ ಗಿಳಿ ಉತ್ತರ ಧ್ರುವದ ದಾರಿಯಲ್ಲಿ, ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ತೀರದ ಸಮುದ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಜಾಗ ತುಂಬದೆ ಬಿಟ್ಟ ದಾಖಲೆಗೆ ಕೆಲವು ಕಂಪ್ಯೂಟರುಗಳು ಸೊನ್ನೆ, ಸೊನ್ನೆ ಎಂದು ಹಾಕುವುದರಿಂದ ಜಗತ್ತಿನ ಎಷ್ಟೋ ಪ್ರಾಣಿ, ಸಸ್ಯಗಳು ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯ ನಡುನೀರಿನಲ್ಲಿ ರಾಶಿಬೀಳುತ್ತವೆ. ಇವು ಕಣ್ಣಿಗೆ ಹೊಡೆದು ಕಾಣುವ ತಪ್ಪುಗಳು, ಬಹಳಷ್ಟನ್ನು ಜಿಬಿಐಎಫ್ ತಾನೇ ಗುರುತುಹಾಕಿ ಎಚ್ಚರಿಸುತ್ತದೆ. ಕಾಣದ ತಪ್ಪುಗಳು ಹೆಚ್ಚು ಅಪಾಯಕಾರಿ. ಹಳೆಯ ಸಸ್ಯಮಾದರಿಯ ಚೀಟಿಯಲ್ಲಿ ಬರೀ ‘ಉತ್ತರ ಕನ್ನಡ’ ಎಂದಿರುತ್ತದೆ. ಅದನ್ನು ಕಂಪ್ಯೂಟರಿಗೆ ಹಾಕುವವರು ಜಿಲ್ಲೆಯ ನಟ್ಟನಡುವೆ ಚುಕ್ಕೆ ಇಟ್ಟುಬಿಟ್ಟರೆ ಕಾರವಾರದ ಕಡಲತೀರದ ಗಿಡವೂ ಯಲ್ಲಾಪುರದ ಕಾಡಿನ ಗಿಡವೂ ಒಂದೇ ಜಾಗದಲ್ಲಿ ಬೆಳೆದಂತಾಗುತ್ತದೆ. ಆದ್ದರಿಂದ ಪ್ರತಿ ದಾಖಲೆಯ ಜೊತೆಗಿರುವ ‘ಜಾಗದ ಅನಿಶ್ಚಿತತೆ’ ಎಂಬ ಕಾಲಮ್ಮನ್ನು ನೋಡದೆ ಮುಂದೆ ಹೋಗಬಾರದು. ಅಲ್ಲಿ ಹತ್ತು ಮೀಟರ್ ಎಂದಿದೆಯೋ ಐವತ್ತು ಕಿಲೋಮೀಟರ್ ಎಂದಿದೆಯೋ ಎಂಬುದರ ಮೇಲೆ ಆ ಚುಕ್ಕೆಯ ಬೆಲೆ ನಿಂತಿದೆ.

ಗುರುತಿಸುವಲ್ಲಿನ ತಪ್ಪುಗಳಿಗೆ ಒಂದೊಂದು ತಾಣವೂ ಒಂದೊಂದು ಜರಡಿ ಇಟ್ಟುಕೊಂಡಿದೆ. ಐ-ನ್ಯಾಚುರಲಿಸ್ಟಿನಲ್ಲಿ ಫೋಟೊ ಅಥವಾ ಧ್ವನಿ, ತಾರೀಖು, ಜಾಗ ಇದ್ದು, ಹೆಸರು ಸೂಚಿಸಿದವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಂದಿ ಒಂದೇ ಪ್ರಭೇದಕ್ಕೆ ಒಪ್ಪಿದರೆ ಮಾತ್ರ ಅದು ಸಂಶೋಧನಾ ದರ್ಜೆಗೆ ಏರುತ್ತದೆ. ಇ-ಬರ್ಡಿನಲ್ಲಿ ಆಯಾ ಪ್ರದೇಶದಲ್ಲಿ, ಆಯಾ ತಿಂಗಳಲ್ಲಿ ಯಾವ ಹಕ್ಕಿ ಎಷ್ಟು ಕಾಣಬಹುದೆಂಬ ಮಿತಿ ಇರುತ್ತದೆ. ಅದನ್ನು ಮೀರಿದ ದಾಖಲೆ ಬಂದಾಗ ಸ್ಥಳೀಯ ಸ್ವಯಂಸೇವಕ ಪರಿಶೀಲಕರು ವಿವರ ಕೇಳುತ್ತಾರೆ. ಹೀಗೆ ಕೇಳಿದಾಗ ಹಲವರಿಗೆ ಬೇಸರವಾಗುತ್ತದೆ. ಬೇಸರಪಡಬಾರದು. ಕೇಳುವವರು ಇದಕ್ಕಾಗಿ ಸಂಬಳ ಪಡೆಯುವುದಿಲ್ಲ. ನಮ್ಮ ದಾಖಲೆ ನೂರು ವರ್ಷ ಉಳಿಯಲಿ ಎಂದೇ ಕೇಳುತ್ತಾರೆ. ಆ್ಯಪು ಹೇಳಿತು ಎಂಬುದೊಂದೇ ಕಾರಣಕ್ಕೆ ಹೆಸರು ಬರೆಯುವ ಅಭ್ಯಾಸ ಈಚೆಗೆ ಹಬ್ಬುತ್ತಿದೆ. ಕೂಗು ಕೇಳಿ ಹೆಸರು ಸೂಚಿಸುವ ಆ್ಯಪುಗಳು ಕಲಿಯಲು ಒಳ್ಳೆಯ ಜೊತೆ, ಸಾಕ್ಷಿ ಹೇಳಲು ಸಾಲವು. ಹಕ್ಕಿಯನ್ನು ನೋಡಿ, ಅಥವಾ ಆ ಕೂಗು ನಮಗೇ ಖಚಿತವಾದ ಮೇಲೆ ಬರೆಯುವುದು ಒಳ್ಳೆಯದು.

ಇಡೀ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇನ್ನೊಂದಿದೆ. ಅದು ಕಾಣದ ಹಕ್ಕಿಯ ಲೆಕ್ಕ.

ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಿಂದ 2007ರಲ್ಲಿ ಮೈಗ್ರಂಟ್‌ವಾಚ್ ಎಂಬ ಯೋಜನೆ ಶುರುವಾಯಿತು. ವಲಸೆ ಹಕ್ಕಿಯನ್ನು ಆ ವರ್ಷ ಮೊದಲ ಬಾರಿ ಕಂಡ ದಿನ ಯಾವುದು ಎಂದು ಜನರಿಂದ ಕೇಳಿ ಸಂಗ್ರಹಿಸುವುದು ಅದರ ಕೆಲಸ. ಚಾತಕದ ಬರವನ್ನೂ ಹಾಗೆ ಹಿಂಬಾಲಿಸಿದರು. ಬಹಳ ಚೆಂದದ ಕೆಲಸ. ನಮ್ಮ ದೇಶದಲ್ಲಿ ಜನಸಾಮಾನ್ಯರ ವಿಜ್ಞಾನಕ್ಕೆ ಅದು ಹಾಕಿಕೊಟ್ಟ ಮೇಲ್ಪಂಕ್ತಿ ದೊಡ್ಡದು. ಆದರೆ ‘ಮೊದಲು ಕಂಡ ದಿನ’ ಎಂಬ ಅಳತೆಯಲ್ಲೇ ಒಂದು ತೊಡಕಿದೆ. ಒಂದು ಊರಲ್ಲಿ ಇಬ್ಬರು ನೋಡುತ್ತಿದ್ದಾಗ ಜೂನ್ 12ಕ್ಕೆ ಕಂಡ ಹಕ್ಕಿ, ಇನ್ನೂರು ಜನ ನೋಡತೊಡಗಿದಾಗ ಜೂನ್ 3ಕ್ಕೇ ಯಾರಾದರೊಬ್ಬರ ಕಣ್ಣಿಗೆ ಬಿದ್ದೀತು. ಹಕ್ಕಿ ಒಂಬತ್ತು ದಿನ ಮುಂಚೆ ಬಂತೆಂದು ಸುದ್ದಿಯಾಗುತ್ತದೆ. ಹವಾಮಾನ ಬದಲಾಯಿತು ಎಂಬ ವಿವರಣೆಯೂ ಅದರ ಬೆನ್ನಿಗೆ ಬರುತ್ತದೆ. ನಿಜವಾಗಿ ಹೆಚ್ಚಿದ್ದು ನೋಡುವ ಕಣ್ಣುಗಳ ಸಂಖ್ಯೆ.

ಈ ತೊಡಕು ಬಿಡಿಸಲು ಇ-ಬರ್ಡ್ ಒಂದು ಸರಳ ಪ್ರಶ್ನೆ ಕೇಳುತ್ತದೆ: ನೀವು ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಈ ಪಟ್ಟಿಯಲ್ಲಿ ಬರೆದಿದ್ದೀರಾ? ಹೌದು ಎಂದರೆ ಅದು ಪೂರ್ಣ ಪಟ್ಟಿ. ಎಷ್ಟು ಹೊತ್ತು ನೋಡಿದಿರಿ, ಎಷ್ಟು ದೂರ ನಡೆದಿರಿ ಎಂಬುದೂ ಅದರೊಡನೆ ಇರುತ್ತದೆ. ಅರ್ಧ ಗಂಟೆ ಹೊಲದ ಬದುವಿನಲ್ಲಿ ನಡೆದು ಹದಿನಾಲ್ಕು ಬಗೆಯ ಹಕ್ಕಿ ಬರೆದೆ, ಅದರಲ್ಲಿ ನೀಲಕಂಠವಿರಲಿಲ್ಲ ಎಂದರೆ, ಆ ಅರ್ಧ ಗಂಟೆಯಲ್ಲಿ ಅಲ್ಲಿ ನೀಲಕಂಠ ಕಾಣಲಿಲ್ಲ ಎಂಬುದೂ ಒಂದು ದಾಖಲೆಯಾಯಿತು. ಅಪರೂಪದ ಹಕ್ಕಿಯ ಫೋಟೊ ಒಂದನ್ನೇ ಏರಿಸಿದರೆ ಈ ಮಾಹಿತಿ ಸಿಗುವುದಿಲ್ಲ. ಒಂದು ಲೆಕ್ಕ ನೋಡಿ. ಒಂದು ತಾಲ್ಲೂಕಿನಿಂದ ಒಂದು ವರ್ಷ ನೂರು ಪಟ್ಟಿ ಬಂದವು, ನಲವತ್ತರಲ್ಲಿ ನೀಲಕಂಠವಿತ್ತು ಎಂದುಕೊಳ್ಳೋಣ. ಹತ್ತು ವರ್ಷದ ಮೇಲೆ ಸಾವಿರ ಪಟ್ಟಿ ಬಂದವು, ಇನ್ನೂರೈವತ್ತರಲ್ಲಿ ನೀಲಕಂಠವಿತ್ತು. ನಕ್ಷೆಯ ಮೇಲಿನ ಚುಕ್ಕೆಗಳು ನಲವತ್ತರಿಂದ ಇನ್ನೂರೈವತ್ತಕ್ಕೆ ಏರಿವೆ, ಹಕ್ಕಿ ಸಮೃದ್ಧವಾಗಿದೆ ಎನಿಸುತ್ತದೆ. ಪಟ್ಟಿಗಳಲ್ಲಿ ಅದು ಕಂಡ ಪ್ರಮಾಣವಾದರೋ ಶೇಕಡಾ 40ರಿಂದ 25ಕ್ಕೆ ಇಳಿದಿದೆ. ಯಾವ ಜೀವಿಯ ಬಗ್ಗೆ ಯಾವ ಡೇಟಾಬೇಸ್ ತೆರೆದರೂ ಮೊದಲು ಕೇಳಬೇಕಾದದ್ದು ಚುಕ್ಕೆ ಎಷ್ಟು ಎಂದಲ್ಲ, ಎಷ್ಟು ಹುಡುಕಾಟಕ್ಕೆ ಎಷ್ಟು ಚುಕ್ಕೆ ಎಂದು.

ನೀಲಕಂಠದ ಉದಾಹರಣೆಯನ್ನು ಬೇಕೆಂದೇ ಕೊಟ್ಟೆ. ಅದು ನಮ್ಮ ರಾಜ್ಯಪಕ್ಷಿ, ಕರೆಂಟು ತಂತಿಯ ಮೇಲೆ, ಹೊಲದ ಬದುವಿನ ಮೋಟುಮರದ ಮೇಲೆ ಕೂತು ಮಿಡತೆಗೆ ಕಾಯುವ ಹಕ್ಕಿ. ಇದೇ ಬಗೆಯ ಪಟ್ಟಿಗಳನ್ನು ಆಧರಿಸಿ 2023ರಲ್ಲಿ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ಎಂಬ ವರದಿ ಬಂತು. ಸುಮಾರು 30,000 ಪಕ್ಷಿವೀಕ್ಷಕರು ಕೊಟ್ಟ 3 ಕೋಟಿ ದಾಖಲೆಗಳನ್ನು ಜರಡಿ ಹಿಡಿದು 942 ಪ್ರಭೇದಗಳ ಸ್ಥಿತಿಗತಿ ಅಳೆದ ವರದಿ ಅದು. ದೀರ್ಘಕಾಲದ ಏರಿಳಿತ ಹೇಳಲು ಸಾಧ್ಯವಾದದ್ದು 338 ಪ್ರಭೇದಗಳಿಗೆ; ಅದರಲ್ಲಿ ಶೇಕಡಾ 60ರಷ್ಟು ಇಳಿಮುಖವಾಗಿದ್ದವು. ನೀಲಕಂಠವೂ ಆ ಪಟ್ಟಿಯಲ್ಲಿತ್ತು. ಅದರ ಅಪಾಯದ ಮಟ್ಟವನ್ನು ಜಾಗತಿಕ ಕೆಂಪುಪಟ್ಟಿಯಲ್ಲಿ ಮರುಪರಿಶೀಲಿಸಬೇಕೆಂದು ಸೂಚಿಸಲಾದ 14 ಪ್ರಭೇದಗಳಲ್ಲಿ ಅದೂ ಒಂದು. ದಿನವೂ ಕಣ್ಣಿಗೆ ಬೀಳುವ ಹಕ್ಕಿ ಕಡಿಮೆಯಾಗುತ್ತಿದೆಯೆಂದು ಒಬ್ಬೊಬ್ಬರ ನೆನಪಿನಿಂದ ಹೇಳಲಾಗದು. ನೆನಪು ಅಪರೂಪದ್ದನ್ನು ಉಳಿಸಿಕೊಂಡು ಸಾಮಾನ್ಯವಾದದ್ದನ್ನು ಬಿಟ್ಟುಬಿಡುತ್ತದೆ. ನವಿಲಿನ ಕತೆ ತಿರುಗುಮುರುಗು: ಹೊಲಕ್ಕೆ ನವಿಲಿನ ಕಾಟ ಹೆಚ್ಚಾಯಿತೆಂಬ ರೈತರ ದೂರನ್ನು ಪಟ್ಟಿಗಳೂ ಹೌದೆನ್ನುತ್ತವೆ, ಅದರ ಸಂಖ್ಯೆ ಏರಿದೆ.

ಗುಬ್ಬಚ್ಚಿಯ ವಿಷಯದಲ್ಲಿ ದತ್ತಾಂಶವು ನಮ್ಮ ಎಲ್ಲರ ಗಟ್ಟಿ ನಂಬಿಕೆಯೊಂದನ್ನು ತಿದ್ದಿತು. ಮೊಬೈಲ್ ಟವರ್ ಬಂದು ಗುಬ್ಬಚ್ಚಿ ನಾಶವಾಯಿತು ಎಂಬ ಮಾತು ಶಾಲಾ ಭಾಷಣಗಳಲ್ಲಿ ಈಗಲೂ ಕೇಳುತ್ತದೆ. ಇದೇ ಸರಣಿಯ 2020ರ ವರದಿ ಕಂಡುಕೊಂಡಂತೆ ದೇಶದ ಒಟ್ಟು ಲೆಕ್ಕದಲ್ಲಿ ಗುಬ್ಬಚ್ಚಿ ಕಳೆದ ಇಪ್ಪತ್ತೈದು ವರ್ಷದಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿದೆ. ಇಳಿದಿರುವುದು ದೊಡ್ಡ ನಗರಗಳಲ್ಲಿ. ಟವರಿನ ವಿಕಿರಣವೇ ಕಾರಣವೆನ್ನಲು ಪುರಾವೆಯಿಲ್ಲ ಎಂದೂ ವರದಿ ಹೇಳಿತು. ನಗರದಲ್ಲಿ ಗೂಡಿಗೆ ಸಂದು ಸಿಗದಿರುವುದು, ಮರಿಗೆ ತಿನ್ನಿಸಲು ಹುಳ ಸಿಗದಿರುವುದು, ಇಂಥ ಕಾರಣಗಳ ಕಡೆಗೆ ನಮ್ಮ ಗಮನ ಹರಿಯಬೇಕಾದರೆ ಮೊದಲು ಎಲ್ಲಿ ಇಳಿದಿದೆ, ಎಲ್ಲಿ ಇಳಿದಿಲ್ಲ ಎಂಬುದು ತಿಳಿಯಬೇಕಿತ್ತು.

ಈಗ ಕರ್ನಾಟಕದ ನಕ್ಷೆಯ ಮೇಲೆ ಈ ದಾಖಲೆಗಳನ್ನೆಲ್ಲ ಹರಡಿ ನೋಡೋಣ. ಬೆಂಗಳೂರು, ಮೈಸೂರಿನ ಸುತ್ತ ದಟ್ಟ. ನಾಗರಹೊಳೆ, ಬಂಡೀಪುರ, ರಂಗನತಿಟ್ಟು, ಗಣೇಶಗುಡಿ, ಕರಾವಳಿಯ ಪಟ್ಟಣಗಳು ಹೊಳೆಯುತ್ತವೆ. ಯಾದಗಿರಿ, ರಾಯಚೂರು, ಕಲಬುರಗಿ, ವಿಜಯಪುರದ ಕಡೆ ಬಂದರೆ ಚುಕ್ಕೆಗಳು ತೆಳ್ಳಗಾಗುತ್ತವೆ. ಇದ್ದವು ಕೂಡ ಹೆದ್ದಾರಿಯ ಬದಿಯಲ್ಲೋ ಕೆರೆಯ ಏರಿಯ ಮೇಲೋ ಸಾಲುಗಟ್ಟಿವೆ. ಅಲ್ಲಿ ಜೀವಿಗಳಿಲ್ಲವೆಂದೇನಲ್ಲ, ಅಲ್ಲಿ ಬರೆಯುವವರು ಕಡಿಮೆ. ವಾರಾಂತ್ಯಕ್ಕೆ ಬೈನಾಕ್ಯುಲರ್ ಹಿಡಿದು ಹೊರಡುವವರು ಮನೆಯ ಹತ್ತಿರಕ್ಕೆ ಹೋಗುತ್ತಾರೆ, ಇಲ್ಲವೇ ಹೆಸರುವಾಸಿ ಕಾಡಿಗೆ ಹೋಗುತ್ತಾರೆ. ಎರೆಹೊಲ, ಬೀಳು, ಗೋಮಾಳ, ಕಲ್ಲುಗುಡ್ಡ ಯಾರ ಪ್ರವಾಸದ ಪಟ್ಟಿಯಲ್ಲೂ ಇರುವುದಿಲ್ಲ.

ಇದು ಬರೀ ಅಂದಗೆಟ್ಟ ನಕ್ಷೆಯ ಸಮಸ್ಯೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. 2023ರ ವರದಿ ಎತ್ತಿ ತೋರಿಸಿದ ಇನ್ನೊಂದು ಸಂಗತಿಯೆಂದರೆ ಹುಲ್ಲುಗಾವಲು, ಕುರುಚಲು, ಬಯಲುಗಳನ್ನು ನೆಚ್ಚಿದ ಹಕ್ಕಿಗಳು ಮತ್ತು ಬೇಟೆ ಹಕ್ಕಿಗಳು ಹೆಚ್ಚು ಕುಸಿಯುತ್ತಿವೆ. ಅಂಥ ಬಯಲು ನಮ್ಮ ರಾಜ್ಯದಲ್ಲಿ ಎಲ್ಲಿ ಹೆಚ್ಚಾಗಿದೆಯೋ ಅಲ್ಲೇ ದಾಖಲೆ ತೆಳುವಾಗಿದೆ. ಯಾರನ್ನು ಮೊದಲು ನೋಡಬೇಕಿತ್ತೋ ಅವರ ಊರಿನಲ್ಲೇ ನಾವಿಲ್ಲ. ಕಾಗದದಲ್ಲಿ ಅಂಥ ಭೂಮಿಗೆ ‘ಬಂಜರು’ ಎಂಬ ಹಣೆಪಟ್ಟಿ ಬಹಳ ಹಿಂದೆಯೇ ಬಿದ್ದಿದೆ. ಪಾವಗಡದ ಒಣನಾಡಿನಲ್ಲಿ ಸುಮಾರು 13,000 ಎಕರೆಯಲ್ಲಿ ಸೌರ ಫಲಕಗಳು ಹರಡಿಕೊಂಡಿವೆ. ಸೌರಶಕ್ತಿ ನಮಗೆ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಮುಂದಿನ ಸೋಲಾರ್ ಪಾರ್ಕು, ಮುಂದಿನ ಗಾಳಿಯಂತ್ರದ ಸಾಲು ಎಲ್ಲಿ ಬರಬೇಕೆಂದು ತೀರ್ಮಾನಿಸುವ ಮೇಜಿನ ಮೇಲೆ ಜೀವಿಗಳ ನಕ್ಷೆಯೂ ಇರಬೇಕು. ಆ ನಕ್ಷೆಯಲ್ಲಿ ಖಾಲಿ ಬಿದ್ದ ಜಾಗವನ್ನು ಅವಸರದಲ್ಲಿರುವವರು ‘ಇಲ್ಲಿ ಏನೂ ಇಲ್ಲ’ ಎಂದು ಓದುತ್ತಾರೆ. ಟಿಟ್ಟಿಭ, ಗೌಜಲಕ್ಕಿ, ಬುರ್ಲಿ, ನೆಲಗುಬ್ಬಿ, ತೋಳ, ನರಿ, ಓತಿಕ್ಯಾತ ಎಲ್ಲ ಇರುವ ಬಯಲು ದಾಖಲೆಯ ಕಣ್ಣಿಗೆ ಬರೀ ನೆಲವಾಗಿಬಿಡುತ್ತದೆ.

ಖಾಲಿ ಜಾಗವನ್ನು ತುಂಬಲು ಗಣಿತದ ದಾರಿಯೊಂದಿದೆ. ಒಂದು ಪ್ರಭೇದ ಕಂಡ ಜಾಗಗಳ ಮಳೆ, ಉಷ್ಣಾಂಶ, ಎತ್ತರ, ಸಸ್ಯಹೊದಿಕೆಗಳನ್ನು ಕಂಪ್ಯೂಟರಿಗೆ ಕೊಟ್ಟರೆ ಅಂಥದೇ ಪರಿಸ್ಥಿತಿ ಇನ್ನೆಲ್ಲಿದೆಯೆಂದು ಅದು ಹುಡುಕಿ, ಈ ಜೀವಿ ಇರಬಹುದಾದ ನಕ್ಷೆ ಕೊಡುತ್ತದೆ. 2006ರಿಂದ ಬಳಕೆಗೆ ಬಂದ ಮ್ಯಾಕ್ಸೆಂಟ್ ಎಂಬ ತಂತ್ರಾಂಶ ಇದಕ್ಕೆ ಬಹಳ ಜನಪ್ರಿಯ. ಲಂಟಾನದಂಥ ಕಳೆ ಮುಂದೆ ಎಲ್ಲಿಗೆ ಹಬ್ಬೀತು, ಹವಾಮಾನ ಬಿಸಿಯಾದರೆ ಘಟ್ಟದ ತುದಿಯ ಹಕ್ಕಿಗೆ ಎಷ್ಟು ಜಾಗ ಉಳಿದೀತು ಎಂದು ಅಂದಾಜಿಸಲು ಇದು ನೆರವಾಗುತ್ತದೆ. ಆದರೆ ಕೊಟ್ಟ ಚುಕ್ಕೆಗಳೆಲ್ಲ ರಸ್ತೆಬದಿಯವಾದರೆ ಆ ಜೀವಿಗೆ ರಸ್ತೆಬದಿಯೇ ಇಷ್ಟವೆಂದು ಕಂಪ್ಯೂಟರ್ ತಿಳಿಯುತ್ತದೆ. ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಬಣ್ಣಬಣ್ಣದ ಇಂಥ ನಕ್ಷೆಗಳು ಹೆಚ್ಚುತ್ತಿವೆ. ನಕ್ಷೆ ಎಳೆದ ಮೇಲೆ ಅದರಲ್ಲಿ ಗಾಢ ಬಣ್ಣ ಬಿದ್ದ, ಯಾರೂ ಹೋಗದ ನಾಲ್ಕು ಜಾಗಕ್ಕಾದರೂ ಹೋಗಿ ನೋಡಿ ಬಂದರೆ ಆ ಪ್ರಬಂಧದ ತೂಕವೇ ಬೇರೆ.

ಗಣಿತಕ್ಕಿಂತ ಗಟ್ಟಿ ದಾರಿ ಕಾಲ್ನಡಿಗೆಯದು. ಕೇರಳದವರು 2015ರಿಂದ 2020ರವರೆಗೆ ಇಡೀ ರಾಜ್ಯವನ್ನು ಚೌಕಗಳಾಗಿ ಹಂಚಿಕೊಂಡು, ಯಾವ ಚೌಕಕ್ಕೆ ಹೋಗಬೇಕೆಂಬುದನ್ನು ತಮ್ಮ ಇಷ್ಟಕ್ಕೆ ಬಿಡದೆ, ಮಳೆಗಾಲಕ್ಕೊಮ್ಮೆ ಬೇಸಿಗೆಗೊಮ್ಮೆ ಹೋಗಿ ಪಟ್ಟಿ ಮಾಡಿದರು. ಸುಮಾರು 25,000 ಪಟ್ಟಿಗಳು, 3 ಲಕ್ಷ ದಾಖಲೆಗಳು, 361 ಪ್ರಭೇದಗಳು. ಬಹುತೇಕ ಎಲ್ಲವೂ ಸ್ವಯಂಸೇವಕರ ದುಡಿಮೆ. ಮೈಸೂರು ನಗರದಲ್ಲೂ ಚಿಕ್ಕ ಪ್ರಮಾಣದಲ್ಲಿ ಇಂಥ ಹಕ್ಕಿ ಅಟ್ಲಾಸ್ ನಡೆದಿದೆ. ಓಣಂ, ಪೊಂಗಲ್, ಬಿಹುವಿನ ಹೆಸರಲ್ಲಿ ನೆರೆಹೊರೆಯ ರಾಜ್ಯಗಳಲ್ಲೂ ಅಸ್ಸಾಮಿನಲ್ಲೂ ಹಕ್ಕಿ ಎಣಿಕೆಗಳು ನಡೆಯುತ್ತವೆ. ಕರ್ನಾಟಕದ ಬಯಲುಸೀಮೆಗೆ ಜಿಲ್ಲೆಗೊಂದರಂತೆ ಅಟ್ಲಾಸ್ ಬೇಕು. ಒಂದೇ ಸಲ ಇಡೀ ರಾಜ್ಯವೆಂದರೆ ಭಾರವೆನಿಸಬಹುದು. ಒಂದು ತಾಲ್ಲೂಕು, ಒಂದು ಪದವಿ ಕಾಲೇಜು, ಇಪ್ಪತ್ತು ವಿದ್ಯಾರ್ಥಿಗಳು, ವರ್ಷಕ್ಕೆ ಎರಡು ಬಾರಿ ಎಂದರೆ ಭಾರವಲ್ಲ.

ಎಲ್ಲವನ್ನೂ ಬಯಲಿಗಿಡುವುದು ಸರಿಯೇ ಎಂಬ ಪ್ರಶ್ನೆ ನ್ಯಾಯವಾದದ್ದು. ಸಿರುಗುಪ್ಪದ ಸುತ್ತಿನ ಎರೆಭೂಮಿಯಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಗ್ರೇಟ್ ಇಂಡಿಯನ್ ಬಸ್ಟರ್ಡ್, ನಮ್ಮವರ ಎರೆಭೂತ, ಇಂಥ ಹೊಲದಲ್ಲಿ ಇಷ್ಟು ಹೊತ್ತಿಗೆ ಸಿಗುತ್ತದೆಂದು ಜಗತ್ತಿಗೆ ಸಾರಿದರೆ ಕ್ಯಾಮೆರಾ ಹಿಡಿದವರ ಗುಂಪೇ ಅದನ್ನು ಅಲ್ಲಿಂದ ಓಡಿಸೀತು. ಬೇಟೆಗಾರರ ಮಾತು ಬೇರೆ. ಗಂಧದ ಮರ, ಆರ್ಕಿಡ್, ನಕ್ಷತ್ರ ಆಮೆಗಳಿಗೂ ಇದೇ ಅಪಾಯ. ಅದಕ್ಕಾಗಿ ಇ-ಬರ್ಡ್ ಸೂಕ್ಷ್ಮ ಪ್ರಭೇದಗಳ ನಿಖರ ಜಾಗವನ್ನು ಸಾರ್ವಜನಿಕರಿಗೆ ತೋರಿಸುವುದಿಲ್ಲ. ಐ-ನ್ಯಾಚುರಲಿಸ್ಟ್ ಅಂಥ ಜೀವಿಯ ಚುಕ್ಕೆಯನ್ನು ಅಕ್ಷಾಂಶ ರೇಖಾಂಶದ 0.2 ಡಿಗ್ರಿ ಚೌಕದೊಳಗೆ, ಅಂದರೆ ನಮ್ಮಲ್ಲಿ ಸುಮಾರು 22 ಕಿಲೋಮೀಟರ್ ಅಗಲದ ಜಾಗದೊಳಗೆ, ಎಲ್ಲೋ ಒಂದು ಕಡೆ ಇಟ್ಟು ಮರೆಮಾಡುತ್ತದೆ. ಯಂತ್ರ ಮರೆಮಾಡಿದ್ದನ್ನು ನಾವು ವಾಟ್ಸ್ಆ್ಯಪ್ ಗುಂಪಿನಲ್ಲಿ ಲೊಕೇಶನ್ ಹಂಚಿ ಬಯಲುಮಾಡಬಾರದು. ಗೂಡಿನ ಜಾಗವನ್ನಂತೂ ಯಾವ ಹಕ್ಕಿಯದಾದರೂ ಹೇಳಬಾರದು.

ಇದರ ಜೊತೆಗೆ ನಮ್ಮಲ್ಲಿ ಇನ್ನೊಂದು ದಾಖಲೆಯೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. ಮಾಧವ ಗಾಡ್ಗೀಳ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಅವರ ಸಂಗಡಿಗರು ಕಾಯ್ದೆಗೂ ಮೊದಲೇ ಹಳ್ಳಿಗಳಲ್ಲಿ ಪ್ರಯೋಗ ಮಾಡಿ ತೋರಿಸಿದ ವಿಧಾನ ಅದು. ಊರಿನ ಕುರಿಗಾಹಿ, ನಾಟಿವೈದ್ಯೆ, ಮೀನು ಹಿಡಿಯುವವರು ತಿಳಿದದ್ದನ್ನು ಅವರ ಮಾತಿನಲ್ಲೇ ಬರೆದಿಡುವುದು ಅದರ ಜೀವಾಳ. ಆ ಪುಸ್ತಕ ಪಂಚಾಯಿತಿಯ ಬೀರುವಿನಲ್ಲಿ ಉಳಿದರೆ ಸಂಶೋಧಕರಿಗೆ ಕಾಣುವುದಿಲ್ಲ, ಮೊಬೈಲಿನ ಪಟ್ಟಿಯಲ್ಲಿ ಕುರಿಗಾಹಿ ಇರುವುದಿಲ್ಲ. ನೂರು ಎಕರೆ ಬಯಲನ್ನು ವರ್ಷವಿಡೀ ಸುತ್ತುವ ಕುರುಬರಿಗೆ ಟಿಟ್ಟಿಭ ಎಲ್ಲಿ ಮೊಟ್ಟೆಯಿಡುತ್ತದೆ, ತೋಳ ಯಾವ ಹಳ್ಳದ ದಂಡೆಯಲ್ಲಿ ಮರಿಹಾಕುತ್ತದೆ, ಯಾವ ಹುಲ್ಲು ಯಾವ ಮಳೆಗೆ ಏಳುತ್ತದೆ ಎಂಬುದೆಲ್ಲ ಗೊತ್ತು. ಅವರ ಜೊತೆ ಕಾಲೇಜಿನ ಹುಡುಗಿಯೊಬ್ಬಳು ಬೆಳಗ್ಗೆ ಅರ್ಧ ಗಂಟೆ ನಡೆದು, ಅವರು ಹೇಳುವ ಹೆಸರುಗಳನ್ನು ಟಿಪ್ಪಣಿಯಲ್ಲಿ ಹಾಗೇ ಬರೆದುಕೊಂಡು, ಕಂಡ ಕಾಗೆ, ಗೊರವಂಕ, ಕಾಜಾಣಗಳನ್ನೂ ಬಿಡದೆ ಪಟ್ಟಿ ಮಾಡಿದರೆ ಅದು ಯಾವ ಪ್ರಯೋಗಾಲಯವೂ ಒಂಟಿಯಾಗಿ ತಯಾರಿಸಲಾಗದ ದಾಖಲೆ. ಕುರಿಗಾಹಿ ಒಪ್ಪಿದರೆ ಅವರ ಹೆಸರೂ ಆ ಟಿಪ್ಪಣಿಯಲ್ಲಿರಲಿ.

ಶುರುಮಾಡುವವರಿಗೆ ನನ್ನ ಸಲಹೆ ಇಷ್ಟು. ಮನೆಯಿಂದ ನಡೆದುಹೋಗಬಹುದಾದ ಒಂದು ಜಾಗ ಆರಿಸಿಕೊಳ್ಳಿ. ಕೆರೆಯಂಗಳ, ಗೋಮಾಳ, ಸ್ಮಶಾನದ ಬಯಲು ಯಾವುದಾದರೂ ಸರಿ. ವಾರಕ್ಕೊಮ್ಮೆ, ಒಂದೇ ದಾರಿಯಲ್ಲಿ, ಹದಿನೈದರಿಂದ ಮೂವತ್ತು ನಿಮಿಷ ನೋಡಿ, ಗುರುತು ಸಿಕ್ಕ ಹಕ್ಕಿಯನ್ನೆಲ್ಲ ಬರೆಯಿರಿ. ಗುರುತು ಸಿಗದದ್ದನ್ನು ಊಹಿಸಿ ಬರೆಯಬೇಡಿ. ಗಿಡ, ಕೀಟ, ಕಪ್ಪೆಯಾದರೆ ಎಲೆಯ ಹಿಂಬದಿ, ಹೂವು, ಕಾಲು, ಹೊಟ್ಟೆ ಹೀಗೆ ಎರಡು ಮೂರು ಕೋನದ ಫೋಟೊ ಇರಲಿ. ಮೊಬೈಲಿನ ಜಿಪಿಎಸ್ ಹಾಕಿ ಜಾಗ ಸರಿಯಾಗಿ ಬಿದ್ದಿದೆಯೇ ಎಂದು ಒಮ್ಮೆ ನೋಡಿ. ಮುಂಗಾರು ಶುರುವಾಗುವ ಮುಂಚಿನ ಮೇ ತಿಂಗಳು ಬಯಲುಸೀಮೆಯಲ್ಲಿ ಇದಕ್ಕೆ ಒಳ್ಳೆಯ ಕಾಲ. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳು ಆಗ ಇನ್ನೂ ಅಲ್ಲಲ್ಲೇ ಇರುತ್ತವೆ, ಆದ್ದರಿಂದ ದಾರಿ ಬಿಟ್ಟು ನಡೆಯಬೇಡಿ. ವಿಜಯಪುರ, ಯಾದಗಿರಿ, ರಾಯಚೂರು, ಕಲಬುರಗಿ, ಕೊಪ್ಪಳ, ಗದಗದ ಓದುಗರಿಗೆ ವಿಶೇಷವಾಗಿ ಹೇಳುತ್ತೇನೆ: ನಿಮ್ಮ ಊರಿನ ಹತ್ತಿರ ಯಾರೂ ಪಟ್ಟಿ ಮಾಡದ ಜಾಗ ಯಾವುದೆಂದು ಇ-ಬರ್ಡಿನ ನಕ್ಷೆಯನ್ನು ದೊಡ್ಡದು ಮಾಡಿದರೆ ತಿಳಿಯುತ್ತದೆ. ಬರುವ ಭಾನುವಾರ ಅಲ್ಲಿಗೆ ಹೋಗಿ.